ಹೆಪ್ಪು ಮತ್ತು ಗುಳಿಗೆ

ಮೊನ್ನೆ ಸಂಜೆ ನೆರೆಮನೆಯಾಕೆ ಬಟ್ಟಲು ಹಿಡಿದು ಬಂದು ಒಂದಿಷ್ಟು ಹೆಪ್ಪು ಕೇಳಿದರು. ನನ್ನ ಹೆಂಡತಿ ಒಂದು ಚಮಚ ಮೊಸರು ಹಾಕಿಕೊಟ್ಟಳು. ಕೋಟಿಗಟ್ಟಲೆ ಜೀವಿಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿದುವೆಂಬ ಗಾಂಭೀರ್ಯ ಇಬ್ಬರ ಮುಖದಲ್ಲಿಯೂ ಇರಲಿಲ್ಲ. ಅದೇ ರಾತ್ರಿ ಮೊಮ್ಮಗನಿಗೆ ನೆಗಡಿಯೊಡನೆ ಜ್ವರ ಬಂದಿತು. ಕಪಾಟಿನಲ್ಲಿ ಹಿಂದೆಂದೋ ಉಳಿದಿದ್ದ ಆಂಟಿಬಯಾಟಿಕ್ ಗುಳಿಗೆಗಳಿದ್ದುವು. “ಅರ್ಧ ಕೊಟ್ಟುಬಿಡಿ, ಏನೂ ಆಗುವುದಿಲ್ಲ” ಎಂದಳು ಹೆಂಡತಿ. ಸಂಜೆ ಬ್ಯಾಕ್ಟೀರಿಯವನ್ನು ದಾನ ಮಾಡಿದ ಮನೆ ರಾತ್ರಿ ಅದನ್ನು ಕೊಲ್ಲಲು ಸಿದ್ಧವಾಗಿತ್ತು.

ಒಳ್ಳೆಯ ಬ್ಯಾಕ್ಟೀರಿಯ, ಕೆಟ್ಟ ಬ್ಯಾಕ್ಟೀರಿಯ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಈ ವಿಂಗಡಣೆ ಎಷ್ಟರಮಟ್ಟಿಗೆ ನ್ಯಾಯವಾದುದು? ಅವರೆಯ ಗಿಡವೊಂದನ್ನು ಬೇರುಸಹಿತ ಕಿತ್ತು ನೋಡಿ. ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಉಗುರಿನಿಂದ ಒಡೆದರೆ ಒಳಗೆ ನಸುಗೆಂಪು. ಅಲ್ಲಿ ನೆಲೆಸಿದ ರೈಜೋಬಿಯಂ ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವಂತೆ ಮಾಡಿಕೊಡುತ್ತದೆ. ಗಿಡ ಪ್ರತಿಯಾಗಿ ಅದಕ್ಕೆ ಆಹಾರ ಕೊಡುತ್ತದೆ. ಹಾಲೆಂಡಿನ ಬೈಯರಿಂಕ್ 1888ರಲ್ಲಿ ಈ ಜೀವಿಯನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿ ತೋರಿಸಿದ. ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು ಹಾಕುತ್ತಿದ್ದ ನಮ್ಮ ಹಿರಿಯರು ಅವನ ಹೆಸರು ಕೇಳಿದವರಲ್ಲ. ಅಂಥದೇ ಮಣ್ಣಿನಲ್ಲಿ ಟೊಮೇಟೊವನ್ನು ಸೊರಗಿಸುವ ಬ್ಯಾಕ್ಟೀರಿಯವೂ ಇದೆ. ಸೊರಗಿದ ಗಿಡದ ಕಾಂಡ ಕೊಯ್ದು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟರೆ ಹಾಲಿನ ಎಳೆಯಂತೆ ಬೆಳ್ಳಗೆ ಒಸರುವುದು ಅದೇ. ನೀರೇರುವ ನಾಳಗಳಲ್ಲಿ ತುಂಬಿಕೊಂಡು ಗಿಡವನ್ನು ಬಾಯಾರಿಸಿ ಕೊಂದಿರುತ್ತದೆ.

ಇವಾದರೂ ಬೇರೆಬೇರೆ ಜಾತಿಯವು. ಇ. ಕೋಲಿಯ ಮಾತು ಇನ್ನೂ ವಿಚಿತ್ರ. ನಮ್ಮ ಕರುಳಿನಲ್ಲಿ ಅದು ಬಹುಮಟ್ಟಿಗೆ ನಿರುಪದ್ರವಿ. ಒಂದಿಷ್ಟು ಕೆ ಜೀವಸತ್ತ್ವವನ್ನೂ ತಯಾರಿಸುತ್ತದೆ. ಅಲ್ಲಿ ತೆಪ್ಪಗಿದ್ದುದೇ ಮೂತ್ರಕೋಶಕ್ಕೆ ಸೇರಿತೆಂದರೆ ಉರಿ, ಜ್ವರ. ಅದು ಸಜ್ಜನವೋ ದುರ್ಜನವೋ? ಅದರ ಪಾಡಿಗೆ ಅದು ಎರಡು ಕಡೆಯೂ ಬದುಕುತ್ತಿದೆ, ಅಷ್ಟೆ. ಹಾಗೆಂದು ಕ್ಷಯದ ಕ್ರಿಮಿಗೂ ಬಾಳುವ ಹಕ್ಕುಂಟೆಂದು ವಾದಿಸುವ ವೈರಾಗ್ಯ ನನಗಿಲ್ಲ. ಆ ಕ್ರಿಮಿಯನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ದೊರೆತುದೂ ಮಣ್ಣಿನ ಇನ್ನೊಂದು ಬ್ಯಾಕ್ಟೀರಿಯದಿಂದಲೇ.

ನನ್ನನ್ನು ಕಾಡಿದ್ದು ಕೊಲ್ಲುವ ಪಾಪವಲ್ಲ, ಆ ಅರ್ಧ ಗುಳಿಗೆ. ನೆಗಡಿ ಸಾಮಾನ್ಯವಾಗಿ ವೈರಸ್ಸಿನ ಕೆಲಸ. ಗುಳಿಗೆ ಅದನ್ನು ಮುಟ್ಟುವುದೂ ಇಲ್ಲ. ಕರುಳಿನ ಹಿತೈಷಿಗಳನ್ನು ಮಾತ್ರ ಹೊಡೆಯುತ್ತದೆ. ಏಟಿಗೆ ಜಗ್ಗದೆ ಉಳಿದವು ಹೆಚ್ಚುತ್ತವೆ. ಅಷ್ಟಕ್ಕೇ ನಿಲ್ಲದೆ, ಔಷಧವನ್ನು ಎದುರಿಸುವ ವಿದ್ಯೆಯನ್ನು ಪಕ್ಕದ ಬೇರೆ ಜಾತಿಗೂ ದಾಟಿಸಬಲ್ಲವು. ಮಿತ್ರನೆಂದು ನಾವು ಸಾಕಿದ್ದೇ ಶತ್ರುವಿಗೆ ಕವಚ ಕೊಡುತ್ತದೆ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ತನ್ನ ನೊಬೆಲ್ ಉಪನ್ಯಾಸದಲ್ಲೇ, ಸಾಲದಷ್ಟು ಔಷಧ ತೆಗೆದುಕೊಂಡು ಕ್ರಿಮಿಗಳನ್ನು ಪಳಗಿಸಬೇಡಿರೆಂದು ಎಚ್ಚರಿಸಿದ್ದ.

ಮಾಡಿದ್ದುಣ್ಣೋ ಮಹಾರಾಯ ಎಂಬ ನಮ್ಮ ಕರ್ಮಸಿದ್ಧಾಂತ ಇಲ್ಲಿ ತಬ್ಬಿಬ್ಬಾಗುತ್ತದೆ. ಮಾಡುವವನು ನಾನು, ಉಣ್ಣುವವನು ಎಂದೋ ಯಾವುದೋ ಆಸ್ಪತ್ರೆಯಲ್ಲಿ ಮದ್ದು ನಾಟದೆ ಮಲಗುವ ಅಪರಿಚಿತ. ಅವನ ಹೆಸರು ನನಗೆ ತಿಳಿಯದು, ನನ್ನದು ಅವನಿಗೆ ತಿಳಿಯದು. ದಾಳಿಂಬೆಯ ಅಂಗಮಾರಿಗೆ ರೈತರು ಸ್ಟ್ರೆಪ್ಟೊಮೈಸಿನ್ ಬೆರೆಸಿ ಸಿಂಪಡಿಸುತ್ತಿದ್ದರೆಂದು ಓದಿ ನಾನು ಸಿಡುಕಿದ್ದುಂಟು. ರೈತನ ಬೆನ್ನಿಗೆ ಸಾಲವಿತ್ತು. ನನಗಿದ್ದುದು ಬರಿಯ ಹೆದರಿಕೆ.

ವೈದ್ಯರಿಗೆ ಫೋನು ಮಾಡಿದೆ. ಈಗ ಬೇಡ, ಬೆಳಿಗ್ಗೆ ನೋಡೋಣ ಎಂದರು. ಮಗುವಿನ ಹಣೆಗೆ ಒದ್ದೆಬಟ್ಟೆ ಹಾಕುತ್ತ ಕುಳಿತೆ. ಗುಳಿಗೆಗಳು ಕೈಗೆಟಕುವಲ್ಲೇ ಇದ್ದುವು. ಜ್ವರ ಇನ್ನೊಂದು ಡಿಗ್ರಿ ಏರಿದ್ದರೆ ಆ ಅಪರಿಚಿತನನ್ನು ನಾನು ನೆನೆಯುತ್ತಿದ್ದೆನೆ? ಮರುದಿನ ಜ್ವರ ಇಳಿಯಿತು. ಹುಡುಗ ಮೊಸರನ್ನ ಉಂಡ. ನನ್ನ ಪ್ರಶ್ನೆಗೆ ಮಾತ್ರ ಹೌದೆನ್ನುವ ಧೈರ್ಯ ಇನ್ನೂ ಬಂದಿಲ್ಲ.