ಅಧಿಕಪ್ರಸಂಗಿ

‘ಅಧಿಕಪ್ರಸಂಗಿ!’—ಶಾಲೆಯಲ್ಲಿ ಈ ಮಾತಿನ ಪೆಟ್ಟು ತಿನ್ನದೆ ದೊಡ್ಡವರಾದವರು ನಮ್ಮಲ್ಲಿ ವಿರಳ. ಪಾಠದ ನಡುವೆ ಕೇಳಬಾರದ ಪ್ರಶ್ನೆಯೊಂದನ್ನು ಕೇಳಿದ್ದೇ ಅಪರಾಧ. ಹಾಗೆಂದು ಸುಮ್ಮನಿದ್ದವನಿಗಾದರೂ ನೆಮ್ಮದಿಯುಂಟೆ? ಎಲ್ಲರೂ ಹೇಳುವಾಗ ತಾನೊಬ್ಬನು ಹೇಳದಿದ್ದರೆ ಅದು ಉದ್ಧಟತನ. ಮಾತೂ ತಪ್ಪು, ಮೌನವೂ ತಪ್ಪು. ಸರಿಯಾದುದು ಹಿರಿಯರ ಮಾತಿನ ಪ್ರತಿಧ್ವನಿ ಮಾತ್ರ. ಹೀಗಾದರೆ ಮಗುವಿಗೆ ತನ್ನದೆಂಬ ಬುದ್ಧಿ ಯಾವಾಗ ಬರಬೇಕು?

ಈ ಪ್ರಶ್ನೆಯನ್ನು ದೇಶದ ಮುಂದಿಟ್ಟವರು ಕೇರಳದ ಒಂದು ಶಾಲೆಯ ಮೂವರು ಒಡಹುಟ್ಟಿದವರು. ಅಣ್ಣ ಹತ್ತನೆಯ ತರಗತಿಯಲ್ಲಿದ್ದ. ತಂಗಿಯರಲ್ಲಿ ಒಬ್ಬಳು ಒಂಬತ್ತನೆಯದರಲ್ಲಿ, ಇನ್ನೊಬ್ಬಳು ಐದನೆಯದರಲ್ಲಿ. ಮನೆಯವರು ಯೆಹೋವನ ಸಾಕ್ಷಿಗಳೆಂಬ ಪಂಥದ ಕ್ರೈಸ್ತರು. ಬೆಳಗಿನ ಸಭೆಯಲ್ಲಿ ರಾಷ್ಟ್ರಗೀತೆ ಮೊದಲಾದಾಗ ಮಕ್ಕಳು ಎಲ್ಲರಂತೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಹಾಡುವುದು ತಮ್ಮ ಧರ್ಮಕ್ಕೆ ಒಪ್ಪದೆಂಬುದು ಅವರ ನಂಬಿಕೆ. ವಿಚಾರಿಸಿದ ಆಯೋಗವು, ಇವರು ಅಗೌರವ ತೋರಿಲ್ಲವೆಂದೇ ವರದಿಯಿತ್ತಿತು. ಆದರೂ 1985ರ ಜುಲೈಯಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಹೈಕೋರ್ಟೂ ಕೈಹಿಡಿಯಲಿಲ್ಲ. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ. ಎಂ. ದತ್ ಅವರು, ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು ತೀರ್ಪಿತ್ತರು. ಸಂವಿಧಾನದ 19 ಮತ್ತು 25ನೆಯ ವಿಧಿಗಳು ಕೊಡುವ ಅಭಿವ್ಯಕ್ತಿಯ ಹಾಗೂ ಅಂತಃಸಾಕ್ಷಿಯ ಸ್ವಾತಂತ್ರ್ಯ ಈ ಮಕ್ಕಳಿಗೂ ಉಂಟು, ಸುಮ್ಮನಿರುವ ಹಕ್ಕೂ ಅದರಲ್ಲಿ ಅಡಗಿದೆ ಎಂಬುದು ತೀರ್ಪಿನ ಸಾರ.

“ಆ ನಂಬಿಕೆ ಮಕ್ಕಳದ್ದೇ? ತಂದೆತಾಯಿ ತುಂಬಿದ್ದಲ್ಲವೆ?” ಎಂದು ಕೇಳಬಹುದು. ಹಗುರವಾಗಿ ತಳ್ಳಿಹಾಕುವ ಆಕ್ಷೇಪವಲ್ಲ ಇದು. ಆದರೆ ಪಕ್ಕದಲ್ಲಿ ನಿಂತು ಹಾಡಿದ ಮಗುವಿನ ದೇಶಭಕ್ತಿಯೂ ಹಿರಿಯರಿಂದ ಬಂದುದೇ ಅಲ್ಲವೆ? ಅದರ ಮೂಲವನ್ನು ಯಾರೂ ಕೆದಕಲಿಲ್ಲ. ಒಪ್ಪಿದ ಮಗು ಜಾಣ, ಒಪ್ಪದ ಮಗುವಿಗೆ ಬುದ್ಧಿ ಬಲಿತಿಲ್ಲ ಎನ್ನುವ ತಕ್ಕಡಿ ನೆಟ್ಟಗಿಲ್ಲ. ಹಿರಿಯರಿಂದ ಬಂದ ನಂಬಿಕೆ ಮಗುವಿನ ಸ್ವಂತದ್ದಾಗಬೇಕಾದರೆ, ಇಲ್ಲವೆ ಬಿಟ್ಟುಹೋಗಬೇಕಾದರೆ, ಅದು ನಾಲ್ಕು ಜನರ ನಡುವೆ ಪರೀಕ್ಷೆಗೆ ಒಳಗಾಗಬೇಕು. ಅದಕ್ಕೆ ಶಾಲೆಗಿಂತ ತಕ್ಕ ಜಾಗ ಯಾವುದು? ಹೊರಗಟ್ಟಿದ ಮಗುವಿಗೆ ಉಳಿಯುವುದು ಮನೆಯ ಮಾತೊಂದೇ.

ಶಿಸ್ತು ಬೇಡವೆಂದಲ್ಲ. ನಲವತ್ತು ಮಕ್ಕಳು ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಕೇಳಿಸದು. ಹೊತ್ತಿಗೆ ಸರಿಯಾಗಿ ಬಾ, ನಿನ್ನ ಸರದಿ ಕಾಯಿ, ಇತರರ ಕಲಿಕೆಗೆ ಅಡ್ಡಿಯಾಗಬೇಡ—ಇಷ್ಟನ್ನು ಶಾಲೆ ಕೇಳಲೇಬೇಕು. ಆ ಮೂವರು ಎದ್ದು ನಿಂತಾಗ ಶಾಲೆಗೆ ಸಲ್ಲಬೇಕಾದುದು ಸಂದಿತ್ತು. ಅದರಾಚೆಗೆ ಶಾಲೆ ಕೇಳಿದ್ದು ಅವರ ಮನಸ್ಸನ್ನು. ಅದನ್ನು ಕೇಳುವ ಅಧಿಕಾರ ಅದಕ್ಕಿರಲಿಲ್ಲ.

ಗುರುಗಳು ಹೇಳಿಕೊಟ್ಟುದನ್ನು ಒಪ್ಪದ ಪ್ರಹ್ಲಾದನ ಕಥೆಯನ್ನು ನಾವು ಮಕ್ಕಳಿಗೆ ಮೆಚ್ಚಿಕೊಂಡೇ ಹೇಳುತ್ತೇವೆ. ಕಥೆಯಲ್ಲಿ ನಾವೆಲ್ಲರೂ ಅವನ ಪಕ್ಷ. ಅಂಥವನೊಬ್ಬ ನಮ್ಮ ತರಗತಿಯಲ್ಲೇ ಎದ್ದು ನಿಂತರೆ ಬಾಯಿಗೆ ಬರುವುದು ಅದೇ ಹಳೆಯ ಬೈಗುಳ.

ನ್ಯಾಯಾಲಯ ಮಗುವನ್ನು ಶಾಲೆಯ ಬಾಗಿಲವರೆಗೆ ತಂದು ಬಿಡಬಲ್ಲದು. ಒಳಗೆ ಅದರ ಪ್ರಶ್ನೆಗೆ ಕಿವಿಗೊಡುವ ಕೆಲಸ ಕರಿಹಲಗೆಯ ಮುಂದೆ ನಿಂತವರದು. ಉತ್ತರ ತಿಳಿಯದಿದ್ದರೆ, “ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ, ನೀನೂ ಹುಡುಕು” ಎಂದರಾಯಿತು. ಅದರಿಂದ ಗುರುವಿನ ಗೌರವಕ್ಕೆ ಕುಂದೇನೂ ಬಾರದು.