ಉಂಡ ಮನೆಯ ಜಂತೆ

ವೃದ್ಧಾಶ್ರಮ ನೋಡಲು ಬಂದ ಅಧಿಕಾರಿ ‘ಹೆಂಗಿದ್ದೀರಜ್ಜಿ?’ ಎಂದು ಕೇಳಿದರೆ ನಮ್ಮ ಕಡೆಯ ಅಜ್ಜಿ ಕೊಡುವ ಉತ್ತರ ಸಾಮಾನ್ಯವಾಗಿ ಒಂದೇ: ‘ನಮಗೇನ್ ಕಮ್ಮಿ ಆಗೈತಪ್ಪ, ಚೆನ್ನಾಗಿ ನೋಡ್ಕಂತಾರೆ.’ ಪಕ್ಕದಲ್ಲೇ ಮೇಲ್ವಿಚಾರಕ ನಿಂತಿರುತ್ತಾನೆ. ರಾತ್ರಿ ಬಿಪಿ ಮಾತ್ರೆ ಕೊಡಬೇಕಾದವನು ಅವನೇ, ಬೆಳಗ್ಗೆ ಬಿಸಿನೀರು ಕಾಯಿಸಬೇಕಾದವನೂ ಅವನೇ. ಸಂಧ್ಯಾ ಸುರಕ್ಷಾ ಪಿಂಚಣಿಯ ಹಣ ಬೀಳುವ ಪಾಸ್‌ಬುಕ್ಕೂ ಅವನ ಬೀರುವಿನಲ್ಲಿದ್ದರೆ ಮುಗಿದೇಹೋಯಿತು. ಅಧಿಕಾರಿ ‘ದೂರುಗಳಿಲ್ಲ’ ಎಂದು ಬರೆದು ಸಹಿ ಹಾಕುತ್ತಾರೆ. ಬರೆದದ್ದು ಸುಳ್ಳೂ ಅಲ್ಲ.

ಆಕೆಯ ಬಾಯಿ ಕಟ್ಟಿರುವುದು ಬರೀ ಹೆದರಿಕೆಯಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಕೇಳುತ್ತಲೇ ಚಳ್ಳಕೆರೆ ಸೀಮೆಯ ಹಟ್ಟಿಯಲ್ಲಿ ಬೆಳೆದವಳು. ಮಳೆ ಕೈಕೊಟ್ಟು, ಶೇಂಗಾ ಹೊಲ ಬಿಟ್ಟು ಮಕ್ಕಳು ಬೆಂಗಳೂರಿಗೆ ಗುಳೆ ಹೋದಮೇಲೆ ಅನ್ನ ಹಾಕಿದವರ ಮೇಲೆ ಹೇಗೆ ದೂರುವುದು? ಇನ್ನೊಂದು ಕಾರಣವೂ ಇದೆ, ತನಿಖೆಯ ಕಾಗದಕ್ಕೆ ಅದು ಸಿಗುವುದಿಲ್ಲ. ಆಶ್ರಮ ಸರಿಯಿಲ್ಲ ಎಂದರೆ ಅಲ್ಲಿಗೆ ತಂದುಬಿಟ್ಟ ಮಗನೂ ಸರಿಯಿಲ್ಲ ಎಂದಂತಾಗುತ್ತದೆ. ಮಗನ ಮಾನ ಉಳಿಯಲೆಂದು ಎಷ್ಟನ್ನೋ ನುಂಗುತ್ತಾಳೆ.

ಕಾನೂನು ಈ ಮೌನವನ್ನು ಅರ್ಧ ಮಾತ್ರ ಕಂಡಿದೆ. ಹಿರಿಯ ನಾಗರಿಕರಿಗಾಗಿ ಬಂದ 2007ರ ಕಾಯ್ದೆ, ನೋಡಿಕೊಳ್ಳದ ಮಕ್ಕಳ ಮೇಲಿನ ಅಹವಾಲಿಗೆ ನ್ಯಾಯಮಂಡಳಿಯನ್ನು ಕೊಟ್ಟಿತು. ಅರ್ಜಿ ಹಾಕುವ ಶಕ್ತಿಯಿಲ್ಲದವರ ಪರವಾಗಿ ಬೇರೆಯವರು ಹಾಕಬಹುದು. ಯಾರೂ ಹಾಕದಿದ್ದರೆ ಮಂಡಳಿ ತಾನಾಗಿಯೇ ಕೈಗೆತ್ತಿಕೊಳ್ಳಬಹುದು. ವೃದ್ಧಾಶ್ರಮಗಳ ಅಧ್ಯಾಯದಲ್ಲಿ ಇರುವುದು ಮಾತ್ರ 19ನೇ ಕಲಮು ಒಂದೇ: ಜಿಲ್ಲೆಗೆ ಒಂದಾದರೂ ಆಶ್ರಮ, ಕನಿಷ್ಠ 150 ಬಡ ವೃದ್ಧರಿಗೆ ಜಾಗ, ನಡೆಸುವ ರೀತಿನೀತಿ ರಾಜ್ಯ ಸರ್ಕಾರಕ್ಕೆ ಬಿಟ್ಟದ್ದು. ಆಶ್ರಮಗಳ ನೋಂದಣಿಯ ಮಾತೆತ್ತಿದ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು, ಪಾಸಾಗಲಿಲ್ಲ. 14567 ಎಂಬ ಸಹಾಯವಾಣಿಯೇನೋ ಇದೆ. ಫೋನು ಯಾರ ಕೈಯಲ್ಲಿದೆ?

ಹಿರಿಯರ ಹೊಣೆ ಯಾರದು ಎಂಬುದು ಹಳೆಯ ಪ್ರಶ್ನೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನ, ತಂದೆತಾಯಿಯ ಮಾತು ಕೇಳಬೇಕು ಎನ್ನುತ್ತದೆ. ಭಾಷಣಗಳಲ್ಲಿ ಇದು ಮಕ್ಕಳಿಗೆ ಹೇಳಿದ ಬುದ್ಧಿಮಾತಾಗಿಬಿಡುತ್ತದೆ. ಆದರೆ ಅದು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಮೊದಲು ಅವರ ಆರೋಗ್ಯ ಕೋರಿ, ಆಮೇಲೆ ಕಳಿಸಿದ ಆಜ್ಞೆ. ಹೊಣೆ ಹೊರಿಸಿದ್ದು ಅಧಿಕಾರಿಗಳ ಮೇಲೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದ ಚಪಡ ‘ಲಿಪಿಕಾರ’ ಎಂಬುದನ್ನು ಮಾತ್ರ ಖರೋಷ್ಠಿಯಲ್ಲಿ ಬರೆದ. ಬೆಟ್ಟದಡಿ ದನ ಮೇಯಿಸುತ್ತಿದ್ದವನಿಗೆ ಎರಡೂ ಅಷ್ಟೇ. ಅಕ್ಷರ ಬಾರದವರ ಪಡಸಾಲೆಯಲ್ಲಿ ತೂಗುಹಾಕಿದ ದೂರುಪೆಟ್ಟಿಗೆಗೂ ಇದೇ ಗತಿ.

ಓದಲಾರದವರ ಈ ಕಷ್ಟ ಅಶೋಕನಿಗೆ ಹೊಳೆದಿತ್ತು ಎನ್ನಿಸುತ್ತದೆ. ಒಡಿಶಾದ ಧೌಲಿಯ ಪ್ರತ್ಯೇಕ ಶಾಸನದಲ್ಲಿ (ಇದರ ಒಂದು ಭಾಗ ನಮ್ಮ ಸನ್ನತಿಯಲ್ಲೂ ಸಿಕ್ಕಿದೆ) ಕೇಳಲು ಒಬ್ಬನೇ ಇದ್ದರೂ ಓದಿಹೇಳಿ ಎನ್ನುತ್ತಾನೆ. ಅಧಿಕಾರಿ ನ್ಯಾಯ ತಪ್ಪುವುದು ಯಾವುದರಿಂದ ಎಂದೂ ಹೇಳುತ್ತಾನೆ: ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನ, ದಣಿವು. ದಣಿವನ್ನೂ ಸೇರಿಸಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಇಡೀ ತಾಲ್ಲೂಕು ಸುತ್ತಬೇಕಾದ ಪುನರ್ವಸತಿ ಕಾರ್ಯಕರ್ತರು (ಎಂ.ಆರ್.ಡಬ್ಲ್ಯೂ) ಕೆಟ್ಟವರಾಗಬೇಕಿಲ್ಲ, ದಣಿದಿದ್ದರೆ ಸಾಕು. ಗಡಿಯಾಚೆಯ ಎರ್ರಗುಡಿಯ ಬಂಡೆಯಲ್ಲಿ ಅವನ ಇನ್ನೊಂದು ಆಜ್ಞೆಯಿದೆ: ತಾನು ಊಟಕ್ಕೆ ಕೂತಿದ್ದರೂ ಸರಿ, ಪ್ರಜೆಗಳ ಸಂಗತಿಯನ್ನು ವರದಿಗಾರರು ತಂದು ಒಪ್ಪಿಸಲಿ. ಪ್ರಜೆ ಎದ್ದುಬಂದು ದೂರಲಿ ಎಂದು ಕಾಯುವ ಆಳ್ವಿಕೆಯಲ್ಲ ಅದು.

ಕಾಯುತ್ತ ಕೂತರೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ಏರ್ವಾಡಿ ಇದೆ. 2001ರ ಆಗಸ್ಟ್ 6ರಂದು ಅಲ್ಲಿನ ಮಾನಸಿಕ ರೋಗಿಗಳ ಆಶ್ರಮಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದ 28 ಜನ ಸತ್ತರು. ಸರಪಳಿ ಗುಟ್ಟಿನದೇನಾಗಿರಲಿಲ್ಲ, ಬಂದುಹೋಗುವವರ ಕಣ್ಣೆದುರೇ ಇತ್ತು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಎತ್ತಿಕೊಂಡದ್ದು ಅದಾದಮೇಲೆ.

ಹಾಗಾಗಿ ‘ದೂರಿದೆಯಾ’ ಎಂದು ಕೇಳುವ ತನಿಖೆಯಲ್ಲಿ ನನಗೆ ನಂಬಿಕೆಯಿಲ್ಲ. ಬೆನ್ನಲ್ಲಿ ಹಾಸಿಗೆ ಹುಣ್ಣು ಇದೆಯೇ, ಕಾಲುಗುರು ಕತ್ತರಿಸಿ ಎಷ್ಟು ದಿನವಾಯಿತು, ಕನ್ನಡಕದ ಒಡೆದ ಗಾಜು ಹಾಗೇ ಇದೆಯೇ, ಇದನ್ನು ನೋಡಲು ಯಾರೂ ಬಾಯಿಬಿಡಬೇಕಿಲ್ಲ. ಮಾತಾಡಿಸುವುದಾದರೆ ಮೇಲ್ವಿಚಾರಕನನ್ನು ಆಚೆ ಕಳಿಸಿ ಪಕ್ಕದಲ್ಲಿ ಕೂರಬೇಕು. ಈ ಸೀಮೆಯ ಎಷ್ಟೋ ಮುದುಕರಿಗೆ ಮನೆಮಾತು ತೆಲುಗು. ಕಚೇರಿ ಕನ್ನಡದ ಪ್ರಶ್ನೆಗೆ ಅವರು ಸುಮ್ಮನೆ ತಲೆಯಾಡಿಸುತ್ತಾರೆ. ಏನಾದರೂ ಹೇಳಿದರೆಂದರೆ ವಾರದೊಳಗೆ, ಹೇಳದೆ ಕೇಳದೆ, ಮತ್ತೊಮ್ಮೆ ಹೋಗಬೇಕು. ಹಾಗೆ ಹೋಗುತ್ತಾರೆಂಬುದು ಹೇಳಿದವರಿಗೂ ಗೊತ್ತಿರಬೇಕು, ಆಶ್ರಮ ನಡೆಸುವವರಿಗೂ ಗೊತ್ತಿರಬೇಕು.