ವ್ರತವೂ ನೆಪವೂ

ವ್ರತವನ್ನು ಸ್ವೀಕರಿಸುವಾಗ ಶ್ರಾವಕನು ದೇವ, ಗುರು, ಶಾಸ್ತ್ರಗಳನ್ನು ಸಾಕ್ಷಿಯಾಗಿರಿಸಿಕೊಳ್ಳುತ್ತಾನೆ. ಅದನ್ನು ಮುರಿದಾಗ ಮಾತ್ರ ಮಳೆ, ಪ್ರಯಾಣ, ವ್ಯಾಪಾರ, ನೆಂಟರಿಷ್ಟರನ್ನು ಸಾಕ್ಷಿಗೆ ಕರೆಯುತ್ತಾನೆ.

ಬೆಳಗಾವಿಯ ಗೃಹಸ್ಥನೊಬ್ಬನು ಆಷಾಢದ ಅಷ್ಟಮಿಯಂದು ಉಪವಾಸದ ಸಂಕಲ್ಪ ಮಾಡಿ, ಕಾರ್ಯನಿಮಿತ್ತ ಖಾನಾಪುರಕ್ಕೆ ಹೋದನೆಂದು ಭಾವಿಸಬಹುದು. ಜಡಿಮಳೆಯಲ್ಲಿ ತೊಯ್ದು ಅಲ್ಲಿಯೇ ಊಟ ಮಾಡಿ ಬಂದನು. ಸಂಜೆ ತಾಯಿ ಕೇಳಿದಾಗ, “ಏನ್ ಮಾಡೂದವ್ವಾ, ಮಳಿ ಹಂಗಿತ್ತು” ಎಂದನು. ತಾಯಿ ಹೇಳಿದಳು: “ಉಪವಾಸ ಬಿಟ್ಟದ್ದು ಒಂದು ತಪ್ಪು, ಮಗಾ. ಅದನ್ನ ಮಳಿ ಮ್ಯಾಲೆ ಹಾಕಿದ್ದು ಇನ್ನೊಂದು.”

ಆ ತಾಯಿಯ ಮಾತು ಶಾಸ್ತ್ರಸಮ್ಮತವಾದುದು. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಪ್ರೋಷಧೋಪವಾಸಕ್ಕೆ 5 ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಕೊನೆಯ ಎರಡು ಅನಾದರ ಮತ್ತು ಸ್ಮೃತ್ಯನುಪಸ್ಥಾನ, ಎಂದರೆ ಆಸಕ್ತಿಯಿಲ್ಲದಿರುವುದು ಮತ್ತು ಮರೆಯುವುದು. “ಮರೆತೆ” ಎಂಬುದು ಲೋಕದಲ್ಲಿ ಕ್ಷಮೆಗೆ ಕಾರಣ. ಸೂತ್ರದಲ್ಲಿ ಅದೇ ದೋಷದ ಹೆಸರು.

ದೋಷವನ್ನು ಗುರುವಿನ ಮುಂದೆ ಒಪ್ಪಿಕೊಳ್ಳುವ ಆಲೋಚನೆಗೂ ಆಚಾರ್ಯರು 10 ದೋಷಗಳನ್ನು ಎಣಿಸಿದ್ದಾರೆ. ಗುರುವಿನ ಮನಸ್ಸನ್ನು ಕರಗಿಸಿ ಪ್ರಾಯಶ್ಚಿತ್ತವನ್ನು ಕಡಿಮೆ ಮಾಡಿಸಿಕೊಳ್ಳಲೆಳಸುವುದು ಆಕಂಪಿತ. ತಾನು ದುರ್ಬಲನೆಂದು ಸೂಚಿಸಿ ರಿಯಾಯಿತಿ ಬಯಸುವುದು ಅನುಮಾಪಿತ. ಪರರು ಕಂಡ ತಪ್ಪನ್ನಷ್ಟೇ ಹೇಳುವುದು ದೃಷ್ಟ. ಮುನಿಗಳಿಗೇ ಇಷ್ಟು ಎಚ್ಚರಿಕೆ ಅಗತ್ಯವಾದರೆ, ಗೃಹಸ್ಥನಿಗೆ ಎಷ್ಟು ಅಗತ್ಯ!

ಹಾಗೆಂದು ನಿಜವಾದ ಅಶಕ್ತಿ ನೆಪವಲ್ಲ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವೂ ತಪವೂ ಶಕ್ತಿಗನುಸಾರವಾಗಿ ಎಂದೇ ವಿಧಿ. ರೋಗಿ, ಗರ್ಭಿಣಿ, ವೃದ್ಧರು ಏಕಾಶನವನ್ನೋ ರಸತ್ಯಾಗವನ್ನೋ ಕೈಕೊಳ್ಳಲಿ, ಅದರಲ್ಲಿ ಕುಂದಿಲ್ಲ. ಅಶಕ್ತನು ಮೊದಲೇ ತನ್ನ ಅಳತೆಯನ್ನರಿತು ವ್ರತ ಹಿಡಿಯುತ್ತಾನೆ. ನೆಪಗಾರನು ವ್ರತ ಮುರಿದ ಮೇಲೆ ಅಳತೆಗೋಲನ್ನು ಹುಡುಕುತ್ತಾನೆ. ಇದ್ದ ಶಕ್ತಿಯನ್ನು ಮುಚ್ಚಿಡದಿರುವುದೇ ತಪಸ್ಸಿನ ಲಕ್ಷಣ.

ಇನ್ನು ಮಳೆಯ ಮಾತು. ಖಾನಾಪುರ ತಾಲೂಕಿನ ಹಲಸಿಯೇ ಕದಂಬರ ಪಲಾಶಿಕಾ ನಗರ. ಸುಮಾರು 1500 ವರ್ಷಗಳ ಹಿಂದೆ ಕದಂಬ ದೊರೆ ರವಿವರ್ಮನು ಅಲ್ಲಿ ಕಾರ್ತಿಕದಲ್ಲಿ 8 ದಿನಗಳ ಜಿನೇಂದ್ರ ಮಹೋತ್ಸವವು ಪ್ರತಿ ವರ್ಷ ನಡೆಯಬೇಕೆಂದೂ, ಮಳೆಗಾಲದ 4 ತಿಂಗಳು ತಪಸ್ವಿಗಳ ಪೋಷಣೆ ನಡೆಯಬೇಕೆಂದೂ ವಿಧಿಸಿದನು. ಹಲಸಿಯ ತಾಮ್ರಶಾಸನ ಇದಕ್ಕೆ ಸಾಕ್ಷಿ. ಮಳೆಯಲ್ಲಿ ಜೀವರಾಶಿ ಹೆಚ್ಚುವುದರಿಂದ ಹಿಂಸೆಯಾಗದಿರಲೆಂದು ಯತಿಗಳು ಒಂದೆಡೆ ನಿಂತು ಚಾತುರ್ಮಾಸವನ್ನು ಆಚರಿಸಿದರು. ಅದೇ ಸೀಮೆಯ ಅದೇ ಮಳೆ ಅವರಿಗೆ ವ್ರತಕ್ಕೆ ಕಾರಣವಾಯಿತು, ಈ ಗೃಹಸ್ಥನಿಗೆ ವ್ರತಭಂಗಕ್ಕೆ ನೆಪವಾಯಿತು.

ಬೆಳಗಾವಿ ಕೋಟೆಯಲ್ಲಿ 1204ರಲ್ಲಿ ಕಟ್ಟಿದ ಕಮಲ ಬಸದಿಯಿದೆ. ಅಲ್ಲಿ ನೇಮಿನಾಥ ಸ್ವಾಮಿಯ ಮುಂದೆ ನಿಂತ ಶ್ರಾವಕನು, “ಮಳೆ ಬಂತು” ಎನ್ನದೆ “ನಾನು ಉಂಡೆ” ಎಂದಷ್ಟೇ ನುಡಿಯಲಿ. ಆ ಎರಡು ಶಬ್ದಗಳಿಂದಲೇ ಪ್ರತಿಕ್ರಮಣ ಆರಂಭವಾಗುತ್ತದೆ. ಮುಂದಿನ ಚತುರ್ದಶಿಯ ಉಪವಾಸಕ್ಕೆ ಬಲವೂ ಅಲ್ಲಿಂದಲೇ ದೊರೆಯುತ್ತದೆ.